ನಡುಮನೆಯ ಗೇರ್‌ಬಾಕ್ಸು

ಇಡ್ಲಿಗೆ ಅಕ್ಕಿ ನೆನೆಹಾಕೋಣವೆಂದು ಭಾಗ್ಯಮ್ಮ ಅಡುಗೆಕಟ್ಟೆಯ ಕೆಳಗೆ ಕೈ ಹಾಕಿದರೆ ಅಗಲ ಬೇಸಿನ್ನು ಅಲ್ಲಿರಲಿಲ್ಲ. ಬಚ್ಚಲಿನ ಹತ್ತಿರ ನೋಡಿದಳು, ಹಸುವಿಗೆ ಬೂಸಾ ಕಲೆಸುವ ಜಾಗದಲ್ಲಿ ನೋಡಿದಳು. ಕೊನೆಗೆ ಅದು ಸಿಕ್ಕಿದ್ದು ನಡುಮನೆಯಲ್ಲಿ, ಟಿ.ವಿ.ಯ ಕೆಳಗೆ. ಅದರ ತುಂಬ ಕೆಂಪನೆಯ ಎಣ್ಣೆ. ಎಣ್ಣೆಯೊಳಗೆ ನಡು ಕೊರೆದ ನಿಪ್ಪಟ್ಟಿನಂತಹ ಬಿಲ್ಲೆಗಳು ಒಂದರ ಮೇಲೊಂದು ಮುಳುಗಿ ಕೂತಿದ್ದವು.

"ಬೈರೇಶಾ, ಇದೇನೋ ಇದು?"

"ಕ್ಲಚ್ ಪ್ಲೇಟು ಕಣಮ್ಮ. ಎಣ್ಣೇಲಿ ಚೆನ್ನಾಗಿ ನೆನೀಬೇಕು. ಒಣಗಿದ್ದು ಹಂಗೇ ಹಾಕುದ್ರೆ ಸುಟ್ಟೋಯ್ತವೆ."

"ನನ್ನ ಅಕ್ಕೀನೂ ನೆನೀಬೇಕಲ್ಲಪ್ಪ. ಅದುನ್ನ ಎಲ್ಲಿ ನೆನೆಹಾಕ್ಲಿ, ನಿನ್ನ ನೆತ್ತಿ ಮೇಲಾ?"

ಬೈರೇಶ ತಲೆ ಎತ್ತಲಿಲ್ಲ. ಹಳೆಯ ಹಾಸಿಗೆ ಹೊದಿಕೆಯ ಮೇಲೆ ಹಲ್ಲಿನ ಚಕ್ರಗಳನ್ನೂ ಉಂಗುರಗಳನ್ನೂ ಸಾಲಾಗಿ ಇಟ್ಟುಕೊಂಡು, ಒಂದೊಂದನ್ನೇ ಒರೆಸುತ್ತಿದ್ದ. ಭಾಗ್ಯಮ್ಮ ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಅಕ್ಕಿಯನ್ನು ಎರಡು ಸಣ್ಣ ಪಾತ್ರೆಗಳಿಗೆ ಹಂಚಿ ನೀರು ಹಾಕಿದಳು. ಮಗನ ಮುಖದಲ್ಲಿ ಬೇಸಿಗೆಯಿಂದ ಕಾಣದಿದ್ದ ಒಂದು ಕಳೆ ಮತ್ತೆ ಕಾಣುತ್ತಿತ್ತು. ಅದಕ್ಕಾಗಿ ಒಂದು ಬೇಸಿನ್ನು ಹೋದರೆ ಹೋಗಲಿ ಅನ್ನಿಸಿತು.

ಬೈರೇಶ ಅವಳ ಒಬ್ಬನೇ ಮಗ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದ. ಬೇಸಿಗೆಯಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಲ್ಲಿ ಇಲ್ಲಿ ಕೇಳಿದ, ಅಲೆದ, ನಲವತ್ತು ದಾಟಿದವರಿಗೆ ಕೆಲಸ ಕೊಡಲು ಎಲ್ಲರೂ ಹಿಂದೆಮುಂದೆ ನೋಡಿದರು. ಹಾಗೇ ಒಂದು ಬೆಳಿಗ್ಗೆ ಕೊಟ್ಟಿಗೆಯ ಪಕ್ಕದ ಶೆಡ್ಡಿನ ಬಾಗಿಲು ತೆಗೆದು, ಅಪ್ಪನ ಬೆಂಜ್ ಕಾರಿನ ಮೇಲಿನ ಟಾರ್ಪಾಲು ಎಳೆದು ಹಾಕಿದ್ದ.

ಆ ಕಾರು ಆ ಮನೆಗೆ ಬಂದದ್ದು ದ್ರಾಕ್ಷಿ ತೋಟ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ. ಭಾಗ್ಯಮ್ಮನ ಯಜಮಾನರಾದ ವೆಂಕಟರಾಯಪ್ಪನವರು ಮದರಾಸಿನ ಹರಾಜಿನಲ್ಲಿ ಕೂಗಿ ತಂದಿದ್ದರು. ಕೆನೆ ಬಣ್ಣ, ಮೂತಿಯ ಮೇಲೆ ನಕ್ಷತ್ರ. ಕ್ಲಚ್ಚು ತುಳಿಯುವಂತಿಲ್ಲ, ಗೇರು ಬದಲಾಯಿಸುವಂತಿಲ್ಲ, ಎಲ್ಲ ತನ್ನಷ್ಟಕ್ಕೆ ತಾನೇ ಮಾಡಿಕೊಳ್ಳುವ ಕಾರು ಎಂದು ಮಾಕಳಿದುರ್ಗದವರೆಗೂ ಸುದ್ದಿ. ಸುತ್ತಲ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಗಂಡನ ಮನೆಗೆ ಹೋದದ್ದು ಅದರ ಹಿಂದಿನ ಸೀಟಿನಲ್ಲಿ ಅತ್ತುಕೊಂಡು. ಬಾಡಿಗೆ ಅಂತ ವೆಂಕಟರಾಯಪ್ಪನವರು ಯಾರ ಹತ್ತಿರವೂ ಕೇಳಲಿಲ್ಲ. ಮದುಮಗಳ ಅಪ್ಪ ಒಂದು ತೆಂಗಿನಕಾಯಿ, ಎಲೆಅಡಿಕೆ ಕೊಟ್ಟರೆ ಸಾಕು, ಸ್ಟೇರಿಂಗು ಹಿಡಿದು ಮೀಸೆಯಲ್ಲೇ ನಗುತ್ತಿದ್ದರು. ದಿವ್ಯ, ಅಂದರೆ ಬೈರೇಶನ ಮಗಳು, ಮೂರನೇ ಕ್ಲಾಸಿನಲ್ಲಿದ್ದಾಗ ಗೇರ್‌ಬಾಕ್ಸು ಹೋಯಿತು. ಬಿಚ್ಚಿ ಸರಿಮಾಡುವವರು ಸಿಗಲಿಲ್ಲ. ಈಗ ದಿವ್ಯ ಬಿ.ಕಾಂ. ಓದುತ್ತಿದ್ದಾಳೆ. ಇಷ್ಟು ವರ್ಷ ಆ ಕಾರಿನ ಮೇಲೆ ಕೋಳಿಗಳು ಮಲಗಿ ಏಳುತ್ತಿದ್ದವು.

"ಈಗ ಬರ್ತಾ ಇರೋ ಕಾರೆಲ್ಲ ಆಟೋಮ್ಯಾಟಿಕ್ಕೇ ಕಣಪ್ಪ," ಎಂದು ಬೈರೇಶ ಟಾರ್ಪಾಲು ಎಳೆದ ದಿನವೇ ಹೇಳಿದ್ದ. "ಗೇರ್‌ಬಾಕ್ಸು ಕೆಟ್ರೆ ಯಾರೂ ಬಿಚ್ಚಲ್ಲ, ಪೂರ್ತಿ ಹೊಸದೇ ಹಾಕಿಸ್ಕೊಳಿ ಅಂತಾರೆ. ಬಿಚ್ಚಿ ಕಟ್ಟೋನು ಒಬ್ಬ ಇಲ್ಲಿ ಇದಾನೆ ಅಂದ್ರೆ ಜನ ಹುಡುಕ್ಕೊಂಡು ಬರ್ತಾರೆ. ಮೊದ್ಲು ನಮ್ಮದು ಓಡುಸ್ತೀನಿ. ಆಮೇಲೆ ಈ ಶೆಡ್ಡಲ್ಲೇ ಬೋರ್ಡು ಹಾಕ್ತೀನಿ."

ವೆಂಕಟರಾಯಪ್ಪನವರಿಗೆ ಬೇರೆ ಲೆಕ್ಕ ಇತ್ತು. ಮುನಿರಾಜ್ ಅನ್ನುವವನು ಕೊರಿಯರ್ ಗೋಡೌನಿಗೆ ಶೆಡ್ಡು ಬಾಡಿಗೆಗೆ ಕೇಳಿದ್ದ. ಕಾರನ್ನು ಮಾಕಳಿದುರ್ಗದ ಹತ್ತಿರದ ರೆಸಾರ್ಟಿನವರು ಕೇಳಿದ್ದರು, ಓಡಿಸುವುದಕ್ಕಲ್ಲ, ಹುಲ್ಲಿನ ಮೇಲೆ ನಿಲ್ಲಿಸಿ ಬಂದವರು ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ. ಮಗನ ಸಂಬಳ ನಿಂತ ಮನೆಗೆ ಎರಡೂ ಬೇಕಾದ ದುಡ್ಡೇ.

"ದೀಪಾವಳಿವರ್ಗೂ ನೋಡ್ತೀನಿ," ಎಂದಿದ್ದರು. "ಅಷ್ಟರಲ್ಲಿ ಕಾರು ತಾನಾಗೇ ಮನೆ ಮುಂದ್ಲಿಂದ ಹೊರಟು ವಾಪಸ್ ಬಂದ್ರೆ ಶೆಡ್ಡು ನಿಂದು. ಇಲ್ದಿದ್ರೆ ಕಾರು ರೆಸಾರ್ಟಿಗೆ, ಶೆಡ್ಡು ಮುನಿರಾಜಂಗೆ. ಆಮೇಲೆ ನನ್ನ ಮುಂದೆ ಯಾರೂ ಮಾತಾಡ್ಬಾರ್ದು."

ಕೆಲಸ ನಡುಮನೆಗೆ ಬಂದದ್ದು ಧೂಳಿನಿಂದ. ಜಲ್ಲಿ ಲಾರಿಗಳು ಮನೆ ಮುಂದಿನ ರಸ್ತೆಯಲ್ಲಿ ಹೋದಾಗಲೆಲ್ಲ ಶೆಡ್ಡಿನೊಳಗೆ ಬಿಳಿ ಹಿಟ್ಟು ಉದುರುತ್ತಿತ್ತು. ಈ ಗೇರ್‌ಬಾಕ್ಸಿಗೆ ಒಂದು ಮರಳಿನ ಕಣ ಸೇರಿದರೂ ಆಗದಂತೆ. ಚೈನುಪುಲ್ಲಿ ಕಟ್ಟಿ ಇಳಿಸಿ, ತಳ್ಳುಗಾಡಿಯ ಮೇಲೆ ಮಲಗಿಸಿ ಒಳಗೆ ತಂದರು. ಅಂದಿನಿಂದ ಆ ಮನೆಯವರೆಲ್ಲ ಅಡುಗೆಮನೆಯಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು ಉಣ್ಣಬೇಕಾಯಿತು.

ಒಂದು ಸಂಜೆ ಭಾಗ್ಯಮ್ಮ ಮುದ್ದೆ ಕಟ್ಟಿ, ಬಸ್ಸಾರು ಬಡಿಸುತ್ತಿದ್ದಳು. ವೆಂಕಟರಾಯಪ್ಪನವರು ತಟ್ಟೆಗೆ ಮೂಗು ಹತ್ತಿರ ತಂದು ಮೂಸಿದರು.

"ಇದು ಸಾರೋ, ಗ್ಯಾರೇಜೋ?"

"ಯಾಕ್ರೀ?"

"ಮುದ್ದೇಲೂ ಎಣ್ಣೆ ವಾಸ್ನೆ, ನೀರಲ್ಲೂ ಎಣ್ಣೆ ವಾಸ್ನೆ. ನೆನ್ನೆ ನನ್ನ ಪಂಚೇಲಿ ಒಂದು ಸ್ಪ್ರಿಂಗ್ ಸಿಕ್ತು."

"ಅಯ್ಯೋ ತಾತ, ಎಲ್ಲಿಟ್ರಿ ಅದುನ್ನ?" ದಿವ್ಯ ತಟ್ಟೆ ಬಿಟ್ಟು ಎದ್ದಳು. "ಅಪ್ಪ ಬೆಳಿಗ್ಗೆಯಿಂದ ಹುಡುಕ್ತಾ ಇದಾರೆ!"

"ಎಲ್ಲಿಟ್ನೋ. ದನದ ಗೊಂತಲ್ಲಿ ಎಸೆದ್ನೋ ಏನೋ."

ದಿವ್ಯ ಓಡಿದಳು, ಬೈರೇಶ ಕೈ ತೊಳೆಯದೆ ಅವಳ ಹಿಂದೆ ಓಡಿದ. ಪ್ರಮೋದಾ ತಟ್ಟೆಯನ್ನೇ ನೋಡುತ್ತ ಕೂತಿದ್ದಳು. ಅವಳು ಬೈರೇಶನ ಹೆಂಡತಿ, ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರು. ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು ಹತ್ತಿದರೆ ಮನೆ ಕಾಣುವುದು ದೀಪ ಹಚ್ಚಿದ ಮೇಲೆ. ಬೇಸಿಗೆಯಿಂದ ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ ಮತ್ತು ಡೇರಿಗೆ ಹಾಕುವ ಹಾಲಿನಲ್ಲಿ.

"ನೋಡಿದ್ರಾ ಅತ್ತೆ?" ಅಂದಳು. "ಅವರಣ್ಣಂಗೆ ಹೇಳಿ ವೇರ್‌ಹೌಸಲ್ಲಿ ಕೆಲಸ ಇಟ್ಟಿದೀನಿ, ಹೋಗಿ ಒಂದು ಮಾತು ಕೇಳ್ಕೊಂಡು ಬನ್ನಿ ಅಂದ್ರೆ ಕಿವಿಗೆ ಹಾಕ್ಕೊಳಲ್ಲ. ಸ್ಪ್ರಿಂಗ್ ಅಂದ್ರೆ ಊಟ ಬಿಟ್ಟು ಓಡ್ತಾರೆ."

"ಯಾರಣ್ಣ?"

"ನಮ್ಮ ಲೈನಲ್ಲಿ ಹೊಲಿಯೋ ಹುಡುಗಿ ಅಣ್ಣ. ಶಿಫ್ಟ್ ನೋಡ್ಕೋಬೇಕು, ಬಂದ ಲಾರಿ ಹೋದ ಲಾರಿ ಬರ್ಕೋಬೇಕು. ತಿಂಗ್ಳಾದ್ರೆ ಸಂಬಳ."

"ಒಳ್ಳೇದೇ ಕಣಮ್ಮ," ಎಂದಳು ಭಾಗ್ಯಮ್ಮ. ಸೊಸೆಯ ಮಾತಿನಲ್ಲಿ ತಪ್ಪೇನಿರಲಿಲ್ಲ. ಅವಳ ತಟ್ಟೆಗೆ ಇನ್ನೊಂದು ಸೌಟು ಕಾಳು ಹಾಕಿದಳು.

ಸ್ಪ್ರಿಂಗು ಗೊಂತಿನ ಹುಲ್ಲಿನಲ್ಲಿ ಸಿಕ್ಕಿತು. ಹಸು ಅದನ್ನು ತಿಂದಿರಲಿಲ್ಲ. ಅದೇ ಆ ದಿನದ ಒಳ್ಳೆಯ ಸುದ್ದಿ.

ವಾರಗಳು ಹಾಗೇ ನಡೆದವು. ಬೇಕಾದ ಸಾಮಾನು ಕೇರಳದಿಂದ ಕೊರಿಯರಿನಲ್ಲಿ ಬರುತ್ತಿತ್ತು, ಒಂದು ಬಂದರೆ ಇನ್ನೊಂದು ಬರುತ್ತಿರಲಿಲ್ಲ. ರಿಪೇರಿಯ ಪುಸ್ತಕ ದಿವ್ಯಳ ಮೊಬೈಲಿನಲ್ಲಿತ್ತು, ಪೂರ್ತಿ ಇಂಗ್ಲಿಷು. ಅವಳು ಕಾಲೇಜಿನಿಂದ ಬಂದು, ಕಾಲು ತೊಳೆದು, ಕಾಫಿ ಲೋಟ ಹಿಡಿದು ಒಂದೊಂದೇ ಸಾಲು ಓದಿ ಹೇಳುವಳು, ಬೈರೇಶ ಒಂದೊಂದೇ ಉಂಗುರ ಕೂರಿಸುವನು. ಅಪ್ಪ ಮಗಳು ಜಗಳ ಆಡುವುದೂ ಅಲ್ಲೇ.

"ಅಪ್ಪಾ, ಉಲ್ಟಾ ಇಟ್ಟಿದೀಯ."

"ಸರಿ ಇಟ್ಟಿದೀನಿ ಕಣೇ, ನೀನು ಮೊಬೈಲ್ ಉಲ್ಟಾ ಹಿಡ್ಕೊಂಡಿದೀಯ."

ಸಣ್ಣ ಬಿಲ್ಲೆಗಳು ಕೂರಿಸುವಾಗ ಜಾರದಂತೆ ಅಂಟಿಸಲು ವ್ಯಾಸಲೀನು ಬೇಕು ಎಂದು ಪುಸ್ತಕದಲ್ಲಿತ್ತು. ಬೈರೇಶ ಹೆಂಡತಿಯ ಕಪಾಟಿಗೆ ಕೈ ಹಾಕಿದ. ಹಿಮ್ಮಡಿ ಒಡೆದಿದೆಯೆಂದು ಪ್ರಮೋದಾ ಡಬ್ಬಿ ತೆರೆದಾಗ ತಳ ಕಂಡಿತು.

"ರೀ, ನನ್ನ ಕಾಲಿಗೆ ಹಚ್ಕೊಳೋದು ನಿಮ್ಮ ಗೇರ್‌ಬಾಕ್ಸಿಗಾ?"

"ಹೊಸ ಡಬ್ಬಿ ತಂದ್ಕೊಡ್ತೀನಿ ಬಿಡೇ."

"ಯಾವ ದುಡ್ಡಲ್ಲಿ?"

ಅಷ್ಟೇ ಮಾತು. ಆದರೆ ಅದಾದ ಮೇಲೆ ಗಂಡಹೆಂಡಿರು ಭಾಗ್ಯಮ್ಮನ ಮೂಲಕವೇ ಮಾತಾಡತೊಡಗಿದರು. "ಅತ್ತೆ, ನೀರು ಕಾದಿದೆ ಅಂತ ಹೇಳಿ." "ಅಮ್ಮ, ಹಾಲಿನ ದುಡ್ಡು ಬಂತಾ ಕೇಳು." ಇಬ್ಬರೂ ಎದುರೆದುರೇ ನಿಂತಿರುತ್ತಿದ್ದರು. ಭಾಗ್ಯಮ್ಮ ಇಬ್ಬರ ಮಾತನ್ನೂ ತಲುಪಿಸುತ್ತ, ನಡುವೆ ಕೊತ್ತಂಬರಿ ಸೋಸುತ್ತಿದ್ದಳು. ಕೆಲಸಕ್ಕೆ ಹೊರಟ ಸೊಸೆಯ ಬ್ಯಾಗಿಗೆ ಒಂದು ದಿನ ತಾನೇ ಅಂಗಡಿಯಿಂದ ತರಿಸಿದ ವ್ಯಾಸಲೀನು ಡಬ್ಬಿ ಹಾಕಿ, ಯಾರು ತಂದದ್ದೆಂದು ಹೇಳದೆ ಸುಮ್ಮನಾದಳು.

ಮಹಾನವಮಿ ಬರುವ ಹೊತ್ತಿಗೆ ಉಳಿದದ್ದು ಒಂದೇ ಕೆಲಸ. ಅದು ಗೇರ್‌ಬಾಕ್ಸಿನ ತಳದಲ್ಲಿ ಕೂರುವ ಒಂದು ಲೋಹದ ಹಲಗೆ. ಅದರ ತುಂಬ ಅಂಕುಡೊಂಕು ಕಾಲುವೆಗಳು, ಕಾಲುವೆಗಳ ನಡುವೆ ಬೆರಳು ಗಾತ್ರದ ಕೊಳವೆಗಳು, ಕೊಳವೆಯೊಳಗೆ ಹಿಂದೆ ಮುಂದೆ ಜಾರುವ ಸಣ್ಣ ಸಣ್ಣ ಉಕ್ಕಿನ ಕಡ್ಡಿಗಳು.

"ಇದೇ ಇದರ ಮೆದುಳು, ಅಜ್ಜಿ," ಎಂದಳು ದಿವ್ಯ. "ಯಾವಾಗ ಯಾವ ಗೇರು ಅಂತ ಇದೇ ಹೇಳೋದು. ಕಾರು ಜೋರಾದ್ರೆ ಎಣ್ಣೆ ಈ ಕಡ್ಡೀನ ತಳ್ಳುತ್ತೆ, ಕಡ್ಡಿ ಜರುಗಿದ್ರೆ ಪಕ್ಕದ ಕಾಲುವೆ ಬಾಯಿ ತೆಗೆಯುತ್ತೆ, ಎಣ್ಣೆ ಆ ಕಡೆ ಹೋಗಿ ಮುಂದಿನ ಗೇರು ಹಿಡ್ಕೊಳುತ್ತೆ."

"ತೋಟಕ್ಕೆ ನೀರು ಕಟ್ಟಿದಂಗೆ ಅನ್ನು," ಎಂದಳು ಭಾಗ್ಯಮ್ಮ. "ಈ ಸಾಲು ತುಂಬುದ್ರೆ ಆ ಸಾಲಿಗೆ ತಿರುಗ್ಸೋದು."

"ಹಂಗೇ ಅನ್ಕೊಳಿ."

ಆಯುಧಪೂಜೆಯ ದಿನ ಬೆಳಿಗ್ಗೆಯೇ ಮನೆ ಗುಡಿಸಿ, ಒರೆಸಿ, ಬಾಗಿಲಿಗೆ ಮಾವಿನೆಲೆ ಕಟ್ಟಿದರು. ಕುಡುಗೋಲು, ಗುದ್ದಲಿ, ಹಾಲಿನ ಕ್ಯಾನು, ಪ್ರಮೋದಾಳ ಹೊಲಿಗೆ ಮಿಷನ್ನು, ಬೈರೇಶನ ಸ್ಪ್ಯಾನರುಗಳು ಎಲ್ಲ ನಡುಮನೆಗೆ ಬಂದು ಕೂತವು. ಗೇರ್‌ಬಾಕ್ಸಂತೂ ಮೊದಲೇ ಅಲ್ಲಿತ್ತು. ಮೆದುಳಿನ ಹಲಗೆಯನ್ನು ಬೈರೇಶ ಹಿಂದಿನ ದಿನವೇ ತೊಳೆದು, ಕಡ್ಡಿಗಳನ್ನು ಕೂರಿಸಿ, ಮುಚ್ಚುವುದೊಂದು ಬಾಕಿ ಎಂಬಂತೆ ಮಣೆಯ ಮೇಲೆ ಇಟ್ಟಿದ್ದ. ದಿವ್ಯ ಅದರ ಮೇಲೆ ಊಟಕ್ಕೆ ನೊಣ ಕೂರದಂತೆ ಮುಚ್ಚುವ ಜಾಲರಿ ಮುಚ್ಚಳ ಕವುಚಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಳು.

"ಅಜ್ಜಿ, ಈ ಗೆರೆಯಿಂದ ಒಳಗೆ ಅರಿಶಿನ ಇಲ್ಲ, ಕುಂಕುಮ ಇಲ್ಲ, ಹೂವು ಇಲ್ಲ. ಅಕ್ಷತೆಯಂತೂ ಇಲ್ವೇ ಇಲ್ಲ. ಒಂದು ಕಾಳು ಬಿದ್ರೂ ಎಲ್ಲ ಹೋಯ್ತು."

"ದೇವರಿಗಿಂತ ನಿಂದೇ ಮಡಿ ಜಾಸ್ತಿ ಆಯ್ತಲ್ಲೇ."

"ಹೌದು. ಇದು ನನ್ನ ಮಡಿ."

ವೆಂಕಟರಾಯಪ್ಪನವರು ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದರು. ಭಾಗ್ಯಮ್ಮ ಕರೆದಳು, ಬರಲಿಲ್ಲ. ಬೈರೇಶ ಬಾಗಿಲಲ್ಲಿ ನಿಂತು, "ಮಂಗಳಾರತಿಗಾದ್ರೂ ಬಾರಪ್ಪ," ಎಂದ.

"ಗುಜರಿಗೆ ಯಾರಾದ್ರೂ ಆರತಿ ಎತ್ತುತಾರೇನೋ? ನೀವು ನೀವೇ ಮಾಡ್ಕಳಿ."

ಬೈರೇಶನ ಕಿವಿ ಕೆಂಪಾಯಿತು. ಪೂಜೆ ಆಯಿತು. ಗೆರೆಯಿಂದ ಹೊರಗಿದ್ದ ಎಲ್ಲಕ್ಕೂ ಕುಂಕುಮ ಬಿತ್ತು, ಎಲ್ಲರೂ ಅಕ್ಷತೆ ಹಾಕಿ ನಮಸ್ಕಾರ ಮಾಡಿದರು. ಆಮೇಲೆ ಶೆಡ್ಡಿನಲ್ಲಿದ್ದ ಕಾರಿನ ಮುಂದೆ ಬೂದುಗುಂಬಳಕಾಯಿ ಒಡೆಯಲು ಎಲ್ಲರೂ ಹಿತ್ತಲ ಕಡೆಯಿಂದ ಹೋದರು. ಬೆಂಕಿಪೊಟ್ಟಣ ಮರೆತು ಭಾಗ್ಯಮ್ಮ ವಾಪಸು ಬರುವಾಗ ಜಗಲಿಯ ಮೇಲೆ ಪೇಪರು ಒಂದೇ ಹಾರಾಡುತ್ತಿತ್ತು. ಬಚ್ಚಲಿಗೆ ಹೋಗಿರಬೇಕು ಅಂದುಕೊಂಡಳು.

ಮಧ್ಯಾಹ್ನ ಒಬ್ಬಟ್ಟಿಗೆ ತುಪ್ಪ ಹಾಕುವಾಗ ಗಂಡನ ಬೆರಳ ತುದಿ ಹಳದಿಯಾಗಿದ್ದದ್ದು ಕಂಡಿತು.

"ಏನ್ರೀ, ನಾವು ಆ ಕಡೆ ಹೋಗ್ತಿದ್ದಂಗೇ ಚಿತ್ರಾನ್ನಕ್ಕೆ ಕೈ ಹಾಕಿದ್ರಾ?"

ಅವರು ಕೈಯನ್ನು ಸರಕ್ಕನೆ ಪಂಚೆಗೆ ಒರೆಸಿಕೊಂಡರು. "ಹಸಿವಾಗಿತ್ತು," ಎಂದರು.

ಮಾರನೆಯ ದಿನ ಹಲಗೆಯನ್ನು ಮುಚ್ಚಿ ಬಿಗಿದರು. ಭಾನುವಾರ ಗೇರ್‌ಬಾಕ್ಸನ್ನು ಕಾರಿಗೆ ಏರಿಸಬೇಕಿತ್ತು. ಜ್ಯಾಕಿನ ಮೇಲೆ ಕೂತದ್ದು ಒಂದು ಪಕ್ಕಕ್ಕೆ ವಾಲುತ್ತಿತ್ತು, ಬೈರೇಶ ಕಾರಿನಡಿ ಮಲಗಿ ಒಬ್ಬನೇ ಏದುಸಿರು ಬಿಡುತ್ತಿದ್ದ. ಬಟ್ಟೆ ಒಗೆಯುತ್ತಿದ್ದ ಪ್ರಮೋದಾ ಬಕೆಟ್ಟು ಕುಕ್ಕಿ ಬಂದು, ಸೆರಗು ಸೊಂಟಕ್ಕೆ ಸಿಗಿಸಿ, ಅವನ ಪಕ್ಕ ಚಾಪೆ ಎಳೆದುಕೊಂಡು ಮಲಗಿದಳು.

"ಎಲ್ಲಿ ಹಿಡೀಬೇಕು ಹೇಳಿ."

"ಭಾರ ಇದೆ ಕಣೇ."

"ನಿಮ್ಮ ಮನೇನೇ ಹೊತ್ತಿದೀನಿ, ಇದೊಂದು ಹೆಚ್ಚಾ? ಎಲ್ಲಿ ಹಿಡೀಬೇಕು ಅಂದೆ."

ಹೊರಗೆ ನಿಂತಿದ್ದ ಭಾಗ್ಯಮ್ಮನಿಗೆ ಕಾರಿನಡಿಯಿಂದ ನಾಲ್ಕು ಪಾದಗಳು ಮಾತ್ರ ಕಾಣುತ್ತಿದ್ದವು. ಬೋಲ್ಟು ಕೂತಾಗ ಇಬ್ಬರೂ ಒಟ್ಟಿಗೇ "ಹಾಂ" ಎಂದರು. ಗಂಡಹೆಂಡಿರು ನೇರವಾಗಿ ಮಾತಾಡಿದ್ದು ಎಷ್ಟೋ ದಿನದ ಮೇಲೆ. ಅವಳು ಒಳಗೆ ಹೋಗಿ ಕಾಫಿಗೆ ಹಾಲಿಟ್ಟಳು.

ಕಾರು ರಸ್ತೆಗೆ ಬಂದ ಬೆಳಿಗ್ಗೆ ಮನೆ ಪಕ್ಕದ ಟೀ ಅಂಗಡಿಯ ಮುಂದೆ ಅರ್ಧ ಊರೇ ನಿಂತಿತ್ತು. ಇಂಜಿನ್ನು ಶುರುವಾಯಿತು. ಹಿಂದಕ್ಕೆ ಹೋಯಿತು, ಮುಂದಕ್ಕೂ ಹೊರಟಿತು. ದಿವ್ಯ ಚಪ್ಪಾಳೆ ಹೊಡೆದಳು. ಆದರೆ ಹಾಲಿನ ಡೇರಿ ದಾಟುವಷ್ಟರಲ್ಲಿ ಸದ್ದು ಏರತೊಡಗಿತು. ಮುಂದಿನ ಗೇರು ಬೀಳಲಿಲ್ಲ. ಇಂಜಿನ್ನು ಗಂಟಲು ಹರಿಯುವಂತೆ ಕಿರುಚುತ್ತಿದ್ದರೂ ಕಾರು ಎತ್ತಿನಗಾಡಿಯ ಹಾಗೆ ಹೋಗುತ್ತಿತ್ತು. ಬೈರೇಶ ತಿರುಗಿಸಿಕೊಂಡು ಬಂದು ಶೆಡ್ಡಿನಲ್ಲಿ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತ.

"ಗುರು, ರೆಸಾರ್ಟ್‌ವರೆಗೂ ಹೋಗೋಕೆ ಅಷ್ಟು ಸಾಕು ಬಿಡು!" ಎಂದು ಯಾರೋ ಟೀ ಅಂಗಡಿಯಿಂದ ಕೂಗಿದರು. ನಗು ಕೇಳಿಸಿತು.

ಮಧ್ಯಾಹ್ನಕ್ಕೆ ಮುನಿರಾಜ್ ಟೇಪು ಹಿಡಿದುಕೊಂಡು ಶೆಡ್ಡು ಅಳೆಯಲು ಬಂದ. ಅವನನ್ನು ಕರೆಸಿದವರಾರು ಎಂದು ಯಾರೂ ಕೇಳಲಿಲ್ಲ. ವೆಂಕಟರಾಯಪ್ಪನವರು ಅವನ ಜೊತೆ ಒಳಗೆ ಹೋಗದೆ ಬಾಗಿಲಲ್ಲೇ ನಿಂತು ಮೀಸೆ ತಿರುವುತ್ತಿದ್ದರು. "ಯಜಮಾನ್ರೇ, ಈ ಕಾರು ಯಾವಾಗ ಎತ್ತುತೀರಾ?" ಎಂದು ಅವನು ಕೇಳಿದಾಗ, "ಹಬ್ಬ ಆಗ್ಲಿ," ಎಂದಷ್ಟೇ ಹೇಳಿದರು.

ಆ ಸಂಜೆ ಬೈರೇಶ ಕೈಕಾಲು ತೊಳೆದು, ಉಗುರಿನ ಸಂದಿಯ ಎಣ್ಣೆಯನ್ನೆಲ್ಲ ಸೋಪು ಹಚ್ಚಿ ಉಜ್ಜಿ, ಅಡುಗೆಮನೆಗೆ ಬಂದು ಕೂತ.

"ಆ ವೇರ್‌ಹೌಸಿನವರಿಗೆ ಸೋಮವಾರದಿಂದ ಬರ್ತೀನಿ ಅಂತ ಹೇಳ್ಬಿಡು," ಎಂದ ಹೆಂಡತಿಗೆ.

ಪ್ರಮೋದಾ ಚಪಾತಿ ಲಟ್ಟಿಸುತ್ತಿದ್ದಳು. ಅವಳು ಇಷ್ಟು ದಿನ ಕೇಳುತ್ತಿದ್ದದ್ದು ಇದೇ ಮಾತು. ಈಗಲಾದರೂ ಮುಖ ಸಡಿಲಾಗುತ್ತದೆ ಎಂದು ಭಾಗ್ಯಮ್ಮ ನೋಡಿದರೆ, ಅವಳು ಲಟ್ಟಣಿಗೆಯನ್ನು ಮಣೆಯ ಮೇಲೆ ಕುಟ್ಟಿದಳು.

"ಹೇಳ್ತೀನಿ. ಆದ್ರೆ ಈ ಮುಖ ಹೊತ್ಕೊಂಡು ಹೋಗ್ಬೇಡಿ."

"ಇನ್ನೇನು ಮಾಡ್ಲಿ?"

"ಅಲ್ಲಿಗೂ ಇದೇ ಮುಖ, ಇಲ್ಲಿಗೂ ಇದೇ ಮುಖ, ಆಯಸ್ಸು ಪೂರ್ತಿ ನಾನು ಇದುನ್ನೇ ನೋಡ್ಬೇಕಾ? ಮೊನ್ನೆ ಆ ಬಾಕ್ಸಿನ ಅಡಿ ಹೆಗಲು ಕೊಟ್ಟೋಳು ನಾನು. ನಂದೂ ಪಾಲಿದೆ ಅದರಲ್ಲಿ. ಬಿಚ್ಚಿ ನೋಡಿ. ಸೋಮವಾರ ಇನ್ನೂ ಬಂದಿಲ್ಲ."

ಬೈರೇಶ ತಾಯಿಯ ಮುಖ ನೋಡಿದ. ಭಾಗ್ಯಮ್ಮ ಎದ್ದು ಹೋಗಿ ಇಡ್ಲಿಯ ಬೇಸಿನ್ನನ್ನು ತಾನೇ ತಂದು ಅವನ ಮುಂದೆ ಇಟ್ಟಳು.

ಮಾರನೆಯ ಬೆಳಿಗ್ಗೆ ಪ್ರಮೋದಾಳೂ ರಜೆ ಹಾಕಿದಳು, ಎಲ್ಲರೂ ಶೆಡ್ಡಿನಲ್ಲಿದ್ದರು. ಪೂರ್ತಿ ಬಾಕ್ಸು ಇಳಿಸುವುದೇನೂ ಬೇಕಿರಲಿಲ್ಲ. ಕೆಳಗಿನ ತಟ್ಟೆ ಬಿಚ್ಚಿ, ಕೆಂಪು ಎಣ್ಣೆಯನ್ನು ಬೇಸಿನ್ನಿಗೆ ಇಳಿಸಿ, ಆ ಮೆದುಳಿನ ಹಲಗೆಯನ್ನೊಂದು ತೆಗೆದರೆ ಸಾಕಿತ್ತು. ಅದನ್ನು ನಡುಮನೆಗೆ ತಂದು ಹಾಸಿಗೆ ಹೊದಿಕೆಯ ಮೇಲೆ ಇಟ್ಟರು. ವೆಂಕಟರಾಯಪ್ಪನವರು ಜಗಲಿಯಿಂದ ಎದ್ದು ಬಂದು ಹೊಸ್ತಿಲ ಮೇಲೆ ನಿಂತರು.

"ಈ ಕಡ್ಡಿಗಳು ಯಾರೂ ಮುಟ್ದೆ ತಮ್ಮ ಭಾರಕ್ಕೇ ಜಾರ್ಬೇಕು ಅಂತ ಬರೆದಿದಾರೆ," ಎಂದು ದಿವ್ಯ ಹಲಗೆಯನ್ನು ಮೆಲ್ಲಗೆ ವಾಲಿಸಿದಳು. ಒಂದು ಕಡ್ಡಿ ಟಿಕ್ ಎಂದು ಜಾರಿತು. ಪಕ್ಕದ್ದೂ ಜಾರಿತು. ಅದರಾಚೆಯದು ಅಲ್ಲಾಡಲಿಲ್ಲ.

ಬೈರೇಶ ಪೊರಕೆಯ ಕಡ್ಡಿಯೊಂದನ್ನು ಕೊಳವೆಯ ಬಾಯಿಗೆ ಹಾಕಿ ಮೀಟಿದ. ವ್ಯಾಸಲೀನಿನ ಒಂದು ಗಂಟು ಬಂತು. ಅದರ ಜೊತೆ ಬಂದದ್ದನ್ನು ಅಂಗೈಯಲ್ಲಿ ಹಾಕಿ ಉಜ್ಜಿ ನೋಡಿದ. ಮೇಲೆ ಕೆಂಪೆಣ್ಣೆ, ಒಳಗೆ ಹಳದಿ.

ಒಂದು ಅಕ್ಕಿ ಕಾಳು.

ದಿವ್ಯ ಸಿಡಿದಳು.

"ಅಜ್ಜೀ! ನಾನು ಎಷ್ಟು ಬಡ್ಕೊಂಡೆ! ಗೆರೆ ಎಳೆದೆ, ಮುಚ್ಚಳ ಹಾಕಿದೆ. ಒಂದು ಕಾಳು ಬಿದ್ರೂ ಹೋಯ್ತು ಅಂದ್ನಲ್ಲ!"

"ನಾನು ಹಾಕ್ಲಿಲ್ಲ ಕಣಮ್ಮ."

"ಇನ್ಯಾರು ಹಾಕ್ತಾರೆ? ಪೂಜೆ ಪೂಜೆ ಅಂತ ಕುಣಿದಿದ್ದು ನೀವು ತಾನೇ?"

"ಅಮ್ಮ," ಎಂದ ಬೈರೇಶ. "ಒಳ್ಳೇದಾಗ್ಲಿ ಅಂತಾನೇ ಹಾಕಿರ್ತೀಯ, ಗೊತ್ತು. ಆದ್ರೆ ಒಂದು ಮಾತು ಹೇಳ್ಬಾರ್ದಿತ್ತಾ? ಊರೋರೆಲ್ಲ ನಗೋ ಹಂಗಾಯ್ತಲ್ಲ."

ಭಾಗ್ಯಮ್ಮನ ಕಣ್ಣಿಗೆ ಆ ಹಳದಿ ಬೆರಳ ತುದಿ ಬಂತು, ಖಾಲಿ ಜಗಲಿ ಬಂತು, ಹಾರಾಡುತ್ತಿದ್ದ ಪೇಪರು ಬಂತು. ಅವಳು ಹೊಸ್ತಿಲ ಕಡೆ ತಿರುಗಿ ಸಹ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಹೋಗ್ಲಿ ಬಿಡಪ್ಪ, ಈಗ ಸಿಕ್ತಲ್ಲ," ಎಂದಳು.

"ಅವಳ್ನ ಯಾಕ್ರೋ ಬೈತೀರಾ?"

ಎಲ್ಲರೂ ತಿರುಗಿದರು. ವೆಂಕಟರಾಯಪ್ಪನವರು ಹೊಸ್ತಿಲು ದಾಟಿ ಒಳಗೆ ಬಂದಿದ್ದರು.

"ನಾನು ಕಣೋ ಹಾಕಿದ್ದು."

"ತಾತಾ!"

"ನೀವೆಲ್ಲ ಕುಂಬಳಕಾಯಿ ಒಡೆಯೋಕೆ ಹೋದ್ರಲ್ಲ, ಆಗ. ಮುಚ್ಚಳ ಎತ್ತಿ ನಾಕು ಕಾಳು ಇಟ್ಟೆ. ಎಸೀಲಿಲ್ಲ ಕಣಮ್ಮ, ಮೆಲ್ಲಗೆ ಇಟ್ಟೆ. ಆಮೇಲೆ ನೀನು ಬಯ್ತೀಯ ಅಂತ ಭಯ ಆಗಿ ತೆಗೆಯೋಕೆ ಹೋದೆ. ಮೂರು ಸಿಕ್ತು. ಇನ್ನೊಂದು ನೆಲಕ್ಕೆ ಬಿದ್ದಿರ್ಬೇಕು ಅಂದ್ಕಂಡೆ."

"ಗುಜರಿ ಅಂದ್ಯಲ್ಲಪ್ಪ," ಎಂದ ಬೈರೇಶ. "ಮಂಗಳಾರತಿಗೂ ಬರ್ಲಿಲ್ಲ. ಮತ್ತೆ ಯಾಕೆ ಇಟ್ಟೆ?"

"ಯಾಕೆ ಅಂದ್ರೆ?" ವೆಂಕಟರಾಯಪ್ಪನವರಿಗೆ ಸಿಟ್ಟೇ ಬಂತು. "ಅಕ್ಷತೆ ಯಾಕೆ ಹಾಕ್ತಾರೆ? ಆಗ್ಲಿ ಅಂತ ಹಾಕ್ದೆ. ನಿನ್ನ ಕೆಲಸ ಆಗ್ಲಿ ಅಂತ."

ಮೊದಲು ನಕ್ಕಿದ್ದು ಪ್ರಮೋದಾ. ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. "ಮಾವ, ಬೇಡ ಅಂದೋಳು ನಾನು, ನನ್ನ ಶಾಪ ಏನೂ ತಟ್ಟಲಿಲ್ಲ. ಕಾರು ನಿಲ್ಸಿದ್ದು ನಿಮ್ಮ ಆಶೀರ್ವಾದ!" ದಿವ್ಯ ನಗುತ್ತಲೇ ಅಜ್ಜಿಯ ಕೊರಳು ತಬ್ಬಿ, "ಸಾರಿ ಅಜ್ಜಿ, ಸಾರಿ," ಎಂದಳು. ಬೈರೇಶ ಅಂಗೈಯಲ್ಲಿದ್ದ ಕಾಳನ್ನೇ ನೋಡುತ್ತಿದ್ದ. ಅದನ್ನು ಎಸೆಯಲಿಲ್ಲ, ಬೆಂಕಿಪೊಟ್ಟಣ ಖಾಲಿ ಮಾಡಿ ಅದರೊಳಗೆ ಇಟ್ಟು, ದೇವರ ಗೂಡಿನ ಮೇಲಿಟ್ಟ.

"ನಿಂತ್ಕಂಡು ಏನು ನೋಡ್ತೀರಾ?" ಎಂದರು ವೆಂಕಟರಾಯಪ್ಪನವರು. "ತೊಳೆದು ಕಟ್ರಿ ಬೇಗ."

ನರಕಚತುರ್ದಶಿಯ ದಿನ ಎಣ್ಣೆನೀರು ಹಾಕಿಕೊಂಡು, ಬಿಸಿ ದೋಸೆ ತಿಂದು, ಎಲ್ಲರೂ ಕಾರಿನ ಸುತ್ತ ನಿಂತರು. ಭಾಗ್ಯಮ್ಮ ಅರಿಶಿನ ಕುಂಕುಮದ ತಟ್ಟೆ ತಂದರೆ ದಿವ್ಯ ಅಡ್ಡ ಬಂದು ತಟ್ಟೆಯನ್ನೆಲ್ಲ ಪರೀಕ್ಷೆ ಮಾಡಿದಳು.

"ಚಕ್ರಕ್ಕೆ ನಿಂಬೆಹಣ್ಣು ಮಾತ್ರ. ತಾತ, ಕೈ ತೋರ್ಸಿ."

ವೆಂಕಟರಾಯಪ್ಪನವರು ಶಾಲೆಯ ಹುಡುಗನ ಹಾಗೆ ಎರಡೂ ಅಂಗೈ ತೋರಿಸಿದರು.

ಬೈರೇಶ ಬೀಗದ ಕೈಯನ್ನು ಅಪ್ಪನ ಕಡೆ ಚಾಚಿದ. "ನೀನೇ ಓಡ್ಸು."

"ನೀನು ಕಟ್ಟಿದ್ದು, ನೀನೇ ಓಡ್ಸು."

"ಗೇರು ಬಿದ್ದಾಗ ಅದರ ಸದ್ದು ಹೆಂಗಿರ್ತಿತ್ತು ಅಂತ ನಿಂಗೆ ತಾನೇ ಗೊತ್ತು?"

ಅವರು 'ಸರಿ' ಅನ್ನುವಂತೆ ತಲೆಯಾಡಿಸಿ, ಕೂತು, ಸೀಟು ಮುಂದಕ್ಕೆ ಎಳೆದುಕೊಂಡರು. ಹಳೆಯ ಅಭ್ಯಾಸದಂತೆ ಕೆಲಸವಿಲ್ಲದ ಎಡಗಾಲನ್ನು ಮಡಿಸಿ ಪಕ್ಕಕ್ಕಿಟ್ಟರು. ನಿಂಬೆಹಣ್ಣು ಪಚಕ್ಕನೆ ಒಡೆಯಿತು. ಬೈರೇಶ ಮುಂದೆ ಕೂತಿದ್ದ, ಅತ್ತೆ ಸೊಸೆ ಮೊಮ್ಮಗಳು ಹಿಂದಿನ ಸೀಟಿನಲ್ಲಿ. ಟೀ ಅಂಗಡಿ ಬಂತು, ಹಾಲಿನ ಡೇರಿ ಬಂತು. ಸದ್ದು ಏರತೊಡಗಿತು. ಪ್ರಮೋದಾ ಭಾಗ್ಯಮ್ಮನ ಕೈ ಹಿಡಿದುಕೊಂಡಳು. ಸದ್ದು ಇನ್ನೂ ಏರಿತು. ಆಮೇಲೆ, ನೆಲದಡಿಯಿಂದ ಯಾರೋ ಮೆಲ್ಲಗೆ ಒಮ್ಮೆ ನೂಕಿದ ಹಾಗೆ ಆಗಿ, ಸದ್ದು ಇಳಿಯಿತು, ಕಾರು ಮಾತ್ರ ಓಡುತ್ತಲೇ ಇತ್ತು.

"ಬಿತ್ತು," ಎಂದರು ವೆಂಕಟರಾಯಪ್ಪನವರು.

ಯಾರೂ ಕೂಗಲಿಲ್ಲ. ಮುಂದಿನದೂ ಬೀಳಲಿ ಎಂದು ಕಾಯುತ್ತಿದ್ದರು. ರೈಲ್ವೆ ಗೇಟು ದಾಟಿ, ಮಾಕಳಿದುರ್ಗದ ಬೆಟ್ಟ ಕಾಣುವ ಏರಿನಲ್ಲಿ ಅದೂ ಬಿತ್ತು. ಆಗ ದಿವ್ಯ ಕಿರುಚಿದ ಸದ್ದಿಗೆ ದಾರಿಬದಿಯ ಕುರಿಮಂದೆಯೆಲ್ಲ ಚೆದುರಿತು. ಭಾಗ್ಯಮ್ಮ ಮಗನ ಕಡೆ ನೋಡಿದಳು. ಅವನು ಕಿಟಕಿಯಾಚೆ ಮುಖ ತಿರುಗಿಸಿಕೊಂಡು ಗಾಳಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದ.

ವಾಪಸು ಬರುವಾಗ ಮನೆ ಮುಂದೆ ಮುನಿರಾಜ್ ಬೈಕು ನಿಲ್ಲಿಸಿಕೊಂಡು ಕಾದಿದ್ದ. ವೆಂಕಟರಾಯಪ್ಪನವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಏನಪ್ಪಾ, ಸ್ವಲ್ಪ ಬೈಕ್ ತೆಗಿ. ಕಾರು ಒಳಗೆ ಹೋಗ್ಬೇಕು."

"ಶೆಡ್ಡು ಯಜಮಾನ್ರೇ...?"

"ಅದು ಬೈರೇಶಂದು. ಅವನ್ನ ಕೇಳು."

ಕಾರು ಕೊಡುವುದಿಲ್ಲವೆಂದು ರೆಸಾರ್ಟಿನವರಿಗೆ ಫೋನು ಮಾಡಿದ್ದೂ ಅವರೇ.

ಪ್ರಮೋದಾ ವೇರ್‌ಹೌಸಿನವರಿಗೆ ಬರುವುದಿಲ್ಲ ಅಂದುಬಿಡಲಿಲ್ಲ, ಸಂಕ್ರಾಂತಿಯ ತನಕ ಸಮಯ ಕೇಳಿದಳು. "ಅಲ್ಲೀವರ್ಗೂ ನೋಡ್ತೀನಿ," ಎಂದಳು ಮಾವನ ದನಿಯಲ್ಲೇ. ಬೈರೇಶ ಒಪ್ಪಿದ. ಶೆಡ್ಡಿಗೆ ಧೂಳು ಬರದಂತೆ ಪರದೆ ಕಟ್ಟಿ, ಬೋರ್ಡಿಗೆ ಬಣ್ಣ ಬಳಿಯತೊಡಗಿದ. ಬೋರ್ಡಿನ ಬಣ್ಣ ಒಣಗುವ ಮೊದಲೇ ನೆಲಮಂಗಲದ ಕಡೆಯವರೊಬ್ಬರು ಗೇರು ಬೀಳುವಾಗ ಕುಪ್ಪಳಿಸುವ ಕಾರು ತಂದು ನಿಲ್ಲಿಸಿದರು. ನಡುಮನೆ ಮತ್ತೆ ನಡುಮನೆಯಾಯಿತು. ಉಣ್ಣುವಾಗ ಕಾಲು ಚಾಚಬಹುದಿತ್ತು. ಎಣ್ಣೆಯ ವಾಸನೆ ಮಾತ್ರ ಪೂರ್ತಿ ಹೋಗಲಿಲ್ಲ, ಅದರ ಬಗ್ಗೆ ಯಾರೂ ದೂರಲಿಲ್ಲ.

ದೀಪಾವಳಿ ಕಳೆದ ಮೊದಲ ಸಂಬಳದ ದಿನ ಪ್ರಮೋದಾ ಬಸ್ಸಿಳಿದು ಬರುವಾಗ ಕಂಕುಳಲ್ಲಿ ದೊಡ್ಡದೊಂದು ಹೊಸ ಸ್ಟೀಲು ಪಾತ್ರೆ ಇತ್ತು. ಅದನ್ನು ಅಡುಗೆಕಟ್ಟೆಯ ಮೇಲೆ ಇಟ್ಟಳು.

"ಅತ್ತೆ, ಇನ್ಮೇಲೆ ಅಕ್ಕಿ ಇದರಲ್ಲಿ ನೆನೆಹಾಕಿ. ಆ ಹಳೇ ಬೇಸಿನ್ನು ಅವರಿಗೇ ಇರ್ಲಿ, ಅದುನ್ನ ಹೆಂಗೂ ಇನ್ನು ವಾಪಸ್ ಕೊಡಲ್ಲ ಅವರು."

ಭಾಗ್ಯಮ್ಮ ಪಾತ್ರೆಯ ಅಂಚನ್ನು ಬೆರಳಿನಲ್ಲಿ ಸವರಿದಳು. ಜಗಲಿಯಿಂದ ವೆಂಕಟರಾಯಪ್ಪನವರ ದನಿ ಬಂತು.

"ಮುಚ್ಚಳ ಇರೋದೇ ತಂದಿದ್ಯೇನಮ್ಮ?"

"ಹೂಂ ಮಾವ. ಬಿಗಿಯಾಗಿರೋದು ಕೊಡಿ ಅಂತ ಕೇಳಿ ತಂದೆ. ಮನೇಲಿ ನೀವಿದೀರಲ್ಲ!"